ಭದ್ರಾವತಿಯ ಕಬ್ಬಿಣ ಮತ್ತು ಮೈಸೂರಿನ ಗಂಧ: ಸಂಸ್ಥಾನದ ಎರಡು ಸರ್ಕಾರಿ ಉದ್ದಿಮೆಗಳು

ಮೈಸೂರು ಸಂಸ್ಥಾನದ ಔದ್ಯಮಿಕ ಚರಿತ್ರೆಯನ್ನು ಕುರಿತ ಕನ್ನಡ ಬರವಣಿಗೆಯಲ್ಲಿ ಸಾಮಾನ್ಯವಾಗಿ ಎರಡು ಧಾಟಿಗಳು ಕಂಡುಬರುತ್ತವೆ. ಮೊದಲನೆಯದು ಮಹಾರಾಜರ ಹಾಗೂ ದಿವಾನರ ದೂರದರ್ಶಿತ್ವವನ್ನು ಕೊಂಡಾಡುವ ಧಾಟಿ. ಎರಡನೆಯದು ಉದ್ದಿಮೆಗಳ ಲಾಭನಷ್ಟದ ಪಟ್ಟಿಯನ್ನು ಮುಂದಿಟ್ಟು, ಸರ್ಕಾರವು ವ್ಯಾಪಾರಕ್ಕೆ ಕೈಹಾಕಬಾರದಾಗಿತ್ತೆಂದು ತೀರ್ಪು ನೀಡುವ ಧಾಟಿ. ಈ ಎರಡನೆಯ ಧಾಟಿ ಇತ್ತೀಚಿನದೆಂದು ಭಾವಿಸಬೇಕಾಗಿಲ್ಲ. ಪ್ರಜಾಪ್ರತಿನಿಧಿ ಸಭೆಯ ಕಾಲದಿಂದಲೂ ಭದ್ರಾವತಿಯ ಕಾರ್ಖಾನೆ ಈ ಬಗೆಯ ಟೀಕೆಗೆ ಗುರಿಯಾಗಿದೆ. ಆದರೆ ಲಾಭವನ್ನಾಗಲಿ ನಷ್ಟವನ್ನಾಗಲಿ ಹೇಳುವ ಮೊದಲು ಅದು ಯಾರ ಲೆಕ್ಕದ ಲಾಭ, ಯಾರ ಲೆಕ್ಕದ ನಷ್ಟ ಎಂಬ ಪ್ರಶ್ನೆಯನ್ನು ಎತ್ತಬೇಕಾಗುತ್ತದೆ. ಕಾರ್ಖಾನೆಯೂ ಕಾಡೂ ಗಣಿಯೂ ಒಂದೇ ಒಡೆತನದಲ್ಲಿದ್ದ ಸಂಸ್ಥಾನದಲ್ಲಿ ಈ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ.

ಈ ದೃಷ್ಟಿಯಿಂದ ಸಂಸ್ಥಾನದ ಎರಡು ಉದ್ದಿಮೆಗಳನ್ನು ಜೊತೆಗಿಟ್ಟು ನೋಡುವುದು ಉಪಯುಕ್ತ. ಗಂಧದೆಣ್ಣೆ ಮತ್ತು ಸಾಬೂನಿನ ಕಾರ್ಖಾನೆಗಳು 1916ರಿಂದ 1918ರ ನಡುವೆ ಆರಂಭವಾದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ 1918ರಲ್ಲಿ ಚಾಲನೆ ದೊರೆತು, 1923ರಲ್ಲಿ ಉತ್ಪಾದನೆ ತೊಡಗಿತು. ಎರಡರ ಹಿಂದೆಯೂ ಇದ್ದದ್ದು ಅದೇ ಸರ್ಕಾರ, ಅದೇ ದಿವಾನರು, ಅದೇ ಯುದ್ಧಕಾಲದ ಒತ್ತಡ. ಹೀಗಿದ್ದೂ ಒಂದು ಬೇಗನೆ ತನ್ನ ಕಾಲ ಮೇಲೆ ನಿಂತಿತು; ಇನ್ನೊಂದು ದಶಕಗಳ ಕಾಲ ಖಜಾನೆಯತ್ತ ನೋಡುತ್ತ ಉಳಿಯಿತು.

ಹಿನ್ನೆಲೆ

1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದಾಗ ಸಂಸ್ಥಾನವು ಕ್ಷಾಮದಿಂದ ಕಂಗೆಟ್ಟಿತ್ತು. ವರ್ಷಕ್ಕೆ 24.5 ಲಕ್ಷ ರೂಪಾಯಿಗಳಷ್ಟಿದ್ದ ಪೊಗದಿಯನ್ನು 35 ಲಕ್ಷಕ್ಕೆ ಏರಿಸಬೇಕೆಂಬ ಷರತ್ತು ಇದ್ದಿತಾದರೂ ಆ ಏರಿಕೆ ಜಾರಿಗೆ ಬಂದದ್ದು 1896ರಿಂದ. ಅದರಲ್ಲಿ 10.5 ಲಕ್ಷದ ಕಡಿತ ದೊರೆತದ್ದು 1920ರ ದಶಕದ ಕೊನೆಯಲ್ಲಿ ಮಾತ್ರ. ಬಂದರುಗಳು ಸಂಸ್ಥಾನದ ಕೈಯಲ್ಲಿರಲಿಲ್ಲ. ಆದ್ದರಿಂದ ಆಮದು ಸುಂಕವೂ ಇರಲಿಲ್ಲ. ಹೊರಗಿನಿಂದ ಬರುವ ಸರಕಿಗೆ ಸುಂಕ ಹೇರಿ ಸ್ವದೇಶದ ಉದ್ದಿಮೆಯನ್ನು ಸಾಕುವ ದಾರಿ ಜರ್ಮನಿ, ಅಮೆರಿಕಗಳಿಗೆ ತೆರೆದಿತ್ತು. ಮೈಸೂರಿಗೆ ಅದು ಮುಚ್ಚಿತ್ತು. ಖಾಸಗಿ ಬಂಡವಾಳವೆಂದರೆ ಬಹುಮಟ್ಟಿಗೆ ಧಾನ್ಯ, ರೇಷ್ಮೆ, ಅಡಿಕೆ, ಕಾಫಿಗಳ ವ್ಯಾಪಾರದಲ್ಲಿ ಮತ್ತು ಲೇವಾದೇವಿಯಲ್ಲಿ ತೊಡಗಿದ್ದ ಹಣ. ಹತ್ತಾರು ವರ್ಷ ಕಾದು ಪ್ರತಿಫಲ ಪಡೆಯುವ ಸಾಹಸಕ್ಕೆ ಆ ಹಣ ಇಳಿಯುವಂತಿರಲಿಲ್ಲ.

ಇಂಥ ಸನ್ನಿವೇಶದಲ್ಲಿ ಸರ್ಕಾರಕ್ಕೆ ಉಳಿದ ಸಾಧನವೆಂದರೆ ತಾನೇ ಉದ್ಯಮಿಯಾಗುವುದು. ಇದರ ಮೊದಲ ದೊಡ್ಡ ನಿದರ್ಶನ ಶಿವನಸಮುದ್ರದ ವಿದ್ಯುದಾಗಾರ. ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಈ ಯೋಜನೆಯಿಂದ 1902ರಲ್ಲಿ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಗಳ ಮೇಲೆ, 1905ರಲ್ಲಿ. ಗಣಿ ಬ್ರಿಟಿಷ್ ಕಂಪನಿಯದು, ವಿದ್ಯುತ್ತು ಸಂಸ್ಥಾನದ್ದು. ಗಿರಾಕಿ ಮೊದಲೇ ಗೊತ್ತಿದ್ದುದರಿಂದ ಈ ಉದ್ಯಮದಲ್ಲಿ ಸರ್ಕಾರಕ್ಕೆ ಅಪಾಯ ಕಡಿಮೆಯಿತ್ತು. ಈ ಯಶಸ್ಸು ಮುಂದಿನ ದಿವಾನರಿಗೆ ಧೈರ್ಯ ಕೊಟ್ಟಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮುಂದೆ ಕೈಗೊಂಡ ಎಲ್ಲ ಉದ್ದಿಮೆಗಳಿಗೂ ಕೋಲಾರದಂಥ ಗಿರಾಕಿ ಕಾದಿರಲಿಲ್ಲ.

ಇಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಅವರ ವೃತ್ತಾಂತವನ್ನು ನೆನೆಯಬೇಕು. ಮದ್ರಾಸ್ ಪ್ರಾಂತದಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆ, ಕ್ರೋಮ್ ವಿಧಾನದ ಚರ್ಮ ಹದಗಾರಿಕೆ ಮೊದಲಾದವನ್ನು ಸರ್ಕಾರದ ವೆಚ್ಚದಲ್ಲಿ ಪ್ರಯೋಗಿಸಿ ತೋರಿಸಿದವರು ಅವರು. ಅಲ್ಲಿನ ಐರೋಪ್ಯ ವ್ಯಾಪಾರಿಗಳಿಗೆ ಇದು ಹಿಡಿಸಲಿಲ್ಲ. 1910ರಲ್ಲಿ ಭಾರತ ಮಂತ್ರಿ ಲಾರ್ಡ್ ಮಾರ್ಲೆ, ಸರ್ಕಾರದ ಹಣದಿಂದ ಇಂಥ ವಾಣಿಜ್ಯ ಉದ್ಯಮಗಳನ್ನು ನಡೆಸುವ ನೀತಿಯನ್ನು ಒಪ್ಪದೆ ನಿರೂಪ ಕಳುಹಿಸಿದರು. ಮದ್ರಾಸಿನಲ್ಲಿ ಕೈಕಟ್ಟಿದ ಚಾಟರ್ಟನ್ ಮೈಸೂರಿಗೆ ಬಂದು ಇಲ್ಲಿನ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಬ್ರಿಟಿಷ್ ಭಾರತದಲ್ಲಿ ನಿಷಿದ್ಧವೆನಿಸಿದ ನೀತಿ, ಗಡಿಯಾಚೆಯ ದೇಶೀಯ ಸಂಸ್ಥಾನದಲ್ಲಿ ರಾಜ್ಯನೀತಿಯಾಯಿತು. ಸುಂಕದ ಅಧಿಕಾರವಿಲ್ಲದಿದ್ದರೂ ಬೊಕ್ಕಸದ ಹಣವನ್ನು ಎಲ್ಲಿ ತೊಡಗಿಸಬೇಕೆಂಬ ವಿಷಯದಲ್ಲಿ ಸಂಸ್ಥಾನಕ್ಕೆ ಪ್ರಾಂತಗಳಿಗಿಂತ ಹೆಚ್ಚಿನ ಸ್ವಾತಂತ್ರ್ಯವಿತ್ತೆಂಬುದು ಈ ಪ್ರಸಂಗದಿಂದ ಸ್ಪಷ್ಟವಾಗುತ್ತದೆ. 1911ರಲ್ಲಿ ಸ್ಥಾಪಿತವಾದ ಮೈಸೂರು ಆರ್ಥಿಕ ಸಮ್ಮೇಳನ ಹಾಗೂ 1913ರ ಮೈಸೂರು ಬ್ಯಾಂಕುಗಳನ್ನೂ ಈ ಸ್ವಾತಂತ್ರ್ಯದ ಫಲವೆಂದೇ ಕಾಣಬೇಕು.

ಗಂಧದೆಣ್ಣೆ

ಗಂಧದ ಮರದ ಮೇಲಿನ ಸರ್ಕಾರದ ಏಕಸ್ವಾಮ್ಯ ಟಿಪ್ಪುವಿನ ಆಳ್ವಿಕೆಯಷ್ಟು ಹಳೆಯದು. ಹೊಲದಲ್ಲಿ ಬೆಳೆದರೂ ಮರ ಸರ್ಕಾರದ್ದೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಮರ ಹರಾಜಿನ ಮೂಲಕ ಹೊರದೇಶಗಳಿಗೆ, ಅದರಲ್ಲಿಯೂ ಮುಖ್ಯವಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಆರಂಭವಾದೊಡನೆ ಈ ಮಾರುಕಟ್ಟೆ ಮುಚ್ಚಿಹೋಗಿ ಮರ ಕೋಠಿಗಳಲ್ಲಿ ರಾಶಿಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳು ಎಣ್ಣೆ ತೆಗೆಯುವ ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಕಾರ್ಖಾನೆಗಳು ತೆರೆದವು. 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಬಂದಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಎಸ್. ಜಿ. ಶಾಸ್ತ್ರಿ ಅವರ ರಸಾಯನ ಪರಿಣತಿ ಮೈಸೂರು ಸ್ಯಾಂಡಲ್ ಸಾಬೂನಿಗೆ ಅದರ ಪರಿಮಳವನ್ನು ಕೊಟ್ಟಿತು.

ಈ ಉದ್ಯಮದ ಯಶಸ್ಸಿನ ಕಾರಣಗಳನ್ನು ಬಹಳ ಹುಡುಕಬೇಕಾಗಿಲ್ಲ. ಕಚ್ಚಾಮಾಲು ಪ್ರಪಂಚದ ಬೇರೆಡೆಗಳಲ್ಲಿ ಈ ಪ್ರಮಾಣದಲ್ಲಿ ಮತ್ತು ಈ ಗುಣದಲ್ಲಿ ದೊರೆಯುತ್ತಿರಲಿಲ್ಲ. ಇಲ್ಲಿ ಅದರ ಒಡೆಯನೂ ಸರ್ಕಾರವೇ. ಯಂತ್ರೋಪಕರಣಕ್ಕೆ ಬೇಕಾದ ಬಂಡವಾಳ ಅಲ್ಪ. ಸರಕು ಹಗುರ, ಬೆಲೆ ಹೆಚ್ಚು. ಸಾಗಾಣಿಕೆಯ ವೆಚ್ಚ ಲೆಕ್ಕಕ್ಕೆ ಬರುವಂಥದಲ್ಲ. ಆಡಳಿತದ ಜಾಣ್ಮೆಯನ್ನು ಕಡೆಗಣಿಸದೆಯೂ ಇಲ್ಲಿನ ಲಾಭದ ದೊಡ್ಡ ಪಾಲು ಮರದ ಏಕಸ್ವಾಮ್ಯದಿಂದ ಬಂದದ್ದೆಂದು ಹೇಳಬಹುದು.

ಬೆಂಕಿಪುರದ ಊದುಕುಲುಮೆ

ಕಬ್ಬಿಣದ ಮಾತು ಬೇರೆ. ಇದ್ದಿಲಿನಿಂದ ಕಬ್ಬಿಣ ಕರಗಿಸುವುದು ಮೈಸೂರು ಸೀಮೆಗೆ ಹೊಸದೇನಲ್ಲ. 1800–01ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಹಳ್ಳಿಗಳ ಸಣ್ಣ ಕುಲುಮೆಗಳನ್ನು ವಿವರವಾಗಿ ವರ್ಣಿಸಿದ್ದಾನೆ. ಆ ಶತಮಾನದಲ್ಲಿ ಹಡಗುಗಳಲ್ಲಿ ಬಂದಿಳಿದ ಅಗ್ಗದ ವಿದೇಶಿ ಕಬ್ಬಿಣದೆದುರು ಅವು ಒಂದೊಂದಾಗಿ ಆರಿದವು. ಅದಿರು ಮಾತ್ರ ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಹೇರಳವಾಗಿ ಉಳಿದಿತ್ತು. ದಿವಾನ ಎಂ. ವಿಶ್ವೇಶ್ವರಯ್ಯನವರ ಆಡಳಿತದಲ್ಲಿ, 1915–16ರ ಸುಮಾರಿಗೆ, ಈ ಅದಿರಿನ ಬಳಕೆಯ ಬಗೆಗೆ ಪರಿಶೀಲನೆ ಆರಂಭವಾಯಿತು. ನ್ಯೂಯಾರ್ಕಿನ ಪೆರಿನ್ ಮತ್ತು ಮಾರ್ಷಲ್ ಸಂಸ್ಥೆ ಸಲಹೆಗಾರನಾಗಿತ್ತು. ಪೆರಿನ್ ಎಂದರೆ ಟಾಟಾ ಅವರ ಸಾಕ್ಚಿ ಕಾರ್ಖಾನೆಗೂ ಸಲಹೆಗಾರನಾಗಿದ್ದ ಇಂಜಿನಿಯರ್. ಭದ್ರಾ ನದಿಯ ದಡದ ಬೆಂಕಿಪುರವನ್ನು ಸ್ಥಳವಾಗಿ ಆರಿಸಲಾಯಿತು. ಮುಂದೆ ಅದೇ ಭದ್ರಾವತಿಯಾಯಿತು. ಬೆಂಕಿಯ ಹೆಸರಿನ ಊರಿಗೆ ನಿಜವಾದ ಬೆಂಕಿ ಬಂದ ಮೇಲೆ ಹೆಸರು ಬದಲಾದದ್ದು ಚರಿತ್ರೆಯ ಒಂದು ಸಣ್ಣ ವಿನೋದ.

ಮೈಸೂರಿನಲ್ಲಿ ಕಲ್ಲಿದ್ದಲಿಲ್ಲ. ಈ ಒಂದು ಸಂಗತಿ ಭದ್ರಾವತಿಯ ಮುಂದಿನ ಎಲ್ಲ ಕಥೆಯನ್ನೂ ಬಹುಮಟ್ಟಿಗೆ ನಿರ್ಧರಿಸಿತು. ಸಾಕ್ಚಿಗೆ ಝರಿಯಾದ ಕಲ್ಲಿದ್ದಲು ಸಮೀಪದಲ್ಲಿತ್ತು. ಭದ್ರಾವತಿಗೆ ಸಮೀಪದಲ್ಲಿದ್ದದ್ದು ಶಿವಮೊಗ್ಗ ಮತ್ತು ಕಡೂರು ಜಿಲ್ಲೆಗಳ ಕಾಡು. ಆದ್ದರಿಂದ ಊದುಕುಲುಮೆಗೆ ಇದ್ದಿಲನ್ನೇ ಉರುವಲಾಗಿಸುವ ಯೋಜನೆ ಸಿದ್ಧವಾಯಿತು. ಮರವನ್ನು ಸುಮ್ಮನೆ ಸುಟ್ಟು ಇದ್ದಿಲು ಮಾಡದೆ, ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಹೊರಬರುವ ಆವಿಯಿಂದ ಮರದ ಮದ್ಯಸಾರ, ಸುಣ್ಣದ ಅಸಿಟೇಟ್, ಡಾಂಬರು ಮುಂತಾದ ಉಪ ಉತ್ಪನ್ನಗಳನ್ನು ಪಡೆಯುವ ವ್ಯವಸ್ಥೆ ಅದರಲ್ಲಿತ್ತು. ಉದ್ದಿಮೆಯ ಮೂಲ ಹೆಸರಿನಲ್ಲಿಯೇ ಕಬ್ಬಿಣಕ್ಕಿಂತ ಮೊದಲು ಮರದ ಭಟ್ಟಿ ಇಳಿಸುವಿಕೆಯ ಉಲ್ಲೇಖವಿರುವುದು ಗಮನಾರ್ಹ. ಉಪ ಉತ್ಪನ್ನಗಳ ಮಾರಾಟದಿಂದ ಇದ್ದಿಲಿನ ದುಬಾರಿತನವನ್ನು ಸರಿದೂಗಿಸುವುದು ಯೋಜನೆಯ ತಳಹದಿ.

ಈ ತಳಹದಿ ಕಾಗದದ ಮೇಲೆ ಭದ್ರವಾಗಿಯೇ ಇತ್ತು. ಅದು ಅಲುಗಾಡಿದ್ದು ಕಾಲದ ಹೊಡೆತದಿಂದ. ಯೋಜನೆ ರೂಪುಗೊಂಡದ್ದು ಯುದ್ಧಕಾಲದ ಏರಿದ ಬೆಲೆಗಳಲ್ಲಿ. ಯಂತ್ರಗಳನ್ನು ಕೊಂಡದ್ದೂ ಅದೇ ದುಬಾರಿ ಕಾಲದಲ್ಲಿ. 1923ರ ಜನವರಿ 18ರಂದು ಊದುಕುಲುಮೆ ಉತ್ಪಾದನೆ ಆರಂಭಿಸುವ ಹೊತ್ತಿಗೆ ಪ್ರಪಂಚದ ಮಾರುಕಟ್ಟೆಯಲ್ಲಿ ಬೀಡುಕಬ್ಬಿಣದ ಬೆಲೆ ಕುಸಿದಿತ್ತು. ಅದೇ ವರ್ಷ ಜರ್ಮನಿಯ ಬಿಎಎಸ್‌ಎಫ್ ಸಂಸ್ಥೆ ಅನಿಲಗಳಿಂದಲೇ ಮೆಥನಾಲ್ ತಯಾರಿಸುವ ವಿಧಾನವನ್ನು ಕೈಗಾರಿಕಾ ಪ್ರಮಾಣದಲ್ಲಿ ಆರಂಭಿಸಿತು. ಕೆಲವೇ ವರ್ಷಗಳಲ್ಲಿ ಮರದಿಂದ ಮದ್ಯಸಾರ ತೆಗೆಯುವ ಉದ್ಯಮ ಎಲ್ಲ ದೇಶಗಳಲ್ಲಿಯೂ ನೆಲಕಚ್ಚಿತು. ಭದ್ರಾವತಿ ಆರಂಭವಾದ ವರ್ಷವೇ ಅದರ ಉಪ ಉತ್ಪನ್ನಗಳ ಭವಿಷ್ಯ ಸಾವಿರಾರು ಮೈಲಿ ದೂರದ ಪ್ರಯೋಗಶಾಲೆಯೊಂದರಿಂದ ಮಸುಕಾಯಿತು. ಯಾವ ದಿವಾನರ ದೂರದರ್ಶಿತ್ವವೂ ಇದನ್ನು ಮುಂಗಾಣುವಂತಿರಲಿಲ್ಲ.

ಸುಂಕದ ನೆರವೂ ದೊರೆಯಲಿಲ್ಲ. 1924ರ ಉಕ್ಕಿನ ಉದ್ಯಮ ರಕ್ಷಣಾ ಕಾಯಿದೆ ಮುಖ್ಯವಾಗಿ ಉಕ್ಕಿನ ಸರಕುಗಳಿಗೆ ಸಂಬಂಧಿಸಿದ್ದು. ಆಗ ಅದರ ಪ್ರಯೋಜನ ದೊರೆತದ್ದು ಟಾಟಾ ಅವರಿಗೆ. ಬೀಡುಕಬ್ಬಿಣವನ್ನಷ್ಟೇ ತಯಾರಿಸುತ್ತಿದ್ದ ಭದ್ರಾವತಿಗೆ ಅದರಿಂದ ನೇರ ಲಾಭವಾಗಲಿಲ್ಲ. ಕಲ್ಲಿದ್ದಲಿನಿಂದ ಅಗ್ಗವಾಗಿ ತಯಾರಾಗುತ್ತಿದ್ದ ಬಿಹಾರ, ಬಂಗಾಳಗಳ ಬೀಡುಕಬ್ಬಿಣದೊಡನೆ ಅದು ತೆರೆದ ಮಾರುಕಟ್ಟೆಯಲ್ಲಿ ಸೆಣಸಬೇಕಾಯಿತು.

ಲೆಕ್ಕದ ಪ್ರಶ್ನೆ

1918ರಲ್ಲಿ ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಮರಳಿ ಬಂದರು. ವೆಚ್ಚದ ಕಡಿತ, ಅಮೆರಿಕದ ತಜ್ಞರ ಸ್ಥಾನದಲ್ಲಿ ಇಲ್ಲಿನವರ ನೇಮಕ, ಎರಕದ ಕೊಳವೆಗಳ ತಯಾರಿಕೆಯ ಏರ್ಪಾಡು ಅವರ ಅವಧಿಯ ಮುಖ್ಯ ಕ್ರಮಗಳು. ಇವುಗಳಲ್ಲಿ ಕೊಳವೆಯ ಸಂಗತಿ ವಿಶೇಷವಾಗಿ ಪರಿಶೀಲನಾರ್ಹ. ಬೀಡುಕಬ್ಬಿಣವನ್ನು ಹಾಗೆಯೇ ಮಾರಿದರೆ ಪ್ರಪಂಚದ ಬೆಲೆಗೆ ತಲೆಬಾಗಬೇಕು. ಅದನ್ನೇ ಕೊಳವೆಯಾಗಿ ಎರಕಹೊಯ್ದರೆ ದಕ್ಷಿಣ ಭಾರತದ ಪಟ್ಟಣಗಳ ನೀರು ಸರಬರಾಜು ಯೋಜನೆಗಳು ಹತ್ತಿರದ ಮಾರುಕಟ್ಟೆಯಾಗುತ್ತವೆ. ಗಂಧದ ಉದ್ದಿಮೆಗೆ ಪ್ರಕೃತಿ ಕೊಟ್ಟಿದ್ದ ಅನುಕೂಲವನ್ನು ಭದ್ರಾವತಿ ಹೀಗೆ ಕಷ್ಟಪಟ್ಟು ಸೃಷ್ಟಿಸಿಕೊಳ್ಳಬೇಕಾಯಿತು. ಅಧ್ಯಕ್ಷರಾಗಿ ತಮಗೆ ಸಲ್ಲಬೇಕಿದ್ದ ಸಂಭಾವನೆಯ ಹಣವನ್ನು ವಿಶ್ವೇಶ್ವರಯ್ಯನವರು ಸ್ವಂತಕ್ಕೆ ಪಡೆಯದೆ ವೃತ್ತಿಶಿಕ್ಷಣ ಸಂಸ್ಥೆಯೊಂದರ ಸ್ಥಾಪನೆಗೆ ಬಳಸುವಂತೆ ಸೂಚಿಸಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಅದರ ಫಲ. ಕಬ್ಬಿಣದ ಕಾರ್ಖಾನೆಯ ಖಾತೆಯಲ್ಲಿ ವೆಚ್ಚವೆಂದು ಬರೆಯಬೇಕಾದ ಹಣ ಇನ್ನೊಂದೆಡೆ ತರಬೇತಿಯ ರೂಪ ತಳೆದ ಈ ಪ್ರಸಂಗ, ಸಂಸ್ಥಾನದ ಲೆಕ್ಕಗಳನ್ನು ಬಿಡಿಬಿಡಿಯಾಗಿ ಓದುವುದರ ತೊಡಕನ್ನು ಚೆನ್ನಾಗಿ ತೋರಿಸುತ್ತದೆ.

ಈ ತೊಡಕು ಇದ್ದಿಲಿನ ವಿಷಯದಲ್ಲಿ ಇನ್ನೂ ಆಳವಾದದ್ದು. ಮರ ಅರಣ್ಯ ಇಲಾಖೆಯದು, ಅದಿರು ಸರ್ಕಾರದ ಗಣಿಯದು, ಕುಲುಮೆಯೂ ಸರ್ಕಾರದ್ದೇ. ಅರಣ್ಯ ಇಲಾಖೆಗೆ ಹೆಚ್ಚು ಬೆಲೆ ಕೊಟ್ಟರೆ ಕಾರ್ಖಾನೆಗೆ ನಷ್ಟ, ಅರಣ್ಯದ ಆದಾಯಕ್ಕೆ ಏರಿಕೆ. ಕಡಿಮೆ ಕೊಟ್ಟರೆ ಇದರ ತಿರುವು. ಎರಡೂ ಸಂದರ್ಭಗಳಲ್ಲಿ ಹಣ ಒಂದೇ ಬೊಕ್ಕಸದ ಒಂದು ಕಿಸೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಕೆಮ್ಮಣ್ಣುಗುಂಡಿಯಿಂದ ರೋಪ್‌ವೇಯ ಮೂಲಕ ಇಳಿದು ಹಳಿಗಳ ಮೇಲೆ ಬರುತ್ತಿದ್ದ ಅದಿರಿಗೂ ಈ ಮಾತು ಅನ್ವಯಿಸುತ್ತದೆ. ಆದ್ದರಿಂದ ಕಾರ್ಖಾನೆಯ ವಾರ್ಷಿಕ ನಷ್ಟವೆಂಬುದು ಸಂಸ್ಥಾನದ ನಷ್ಟದೊಡನೆ ಸರಿಹೊಂದಲೇಬೇಕೆಂದಿಲ್ಲ. ಹಾಗೆಂದು ನಷ್ಟವೇ ಇರಲಿಲ್ಲವೆಂದು ವಾದಿಸುವುದೂ ತಪ್ಪಾಗುತ್ತದೆ. ಬೊಕ್ಕಸದಿಂದ ಹೂಡಿದ ಹಣಕ್ಕೆ ಬದಲಾಗಿ ಕೆರೆ, ಶಾಲೆ, ಆಸ್ಪತ್ರೆಗಳಾಗಬಹುದಿತ್ತೆಂಬ ಪ್ರತಿನಿಧಿಗಳ ಬಗೆಯ ಆಕ್ಷೇಪಕ್ಕೆ ತೂಕವಿದೆ. ಮಲೆನಾಡಿನ ಕಾಡಿನ ಮೇಲೆ ಬಿದ್ದ ಹೊರೆಯನ್ನಂತೂ ಎರಡೂ ಇಲಾಖೆಗಳ ಖಾತೆಗಳು ಬರೆದಿಡಲಿಲ್ಲ. ಮಲೇರಿಯಾಪೀಡಿತವಾದ ಆ ಸೀಮೆಗೆ ತಮಿಳು, ತೆಲುಗು ನಾಡುಗಳಿಂದಲೂ ಬಂದು ನೆಲೆಸಿದ ಕೂಲಿಕಾರರ ಪಾಡು ಇನ್ನೊಂದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ದಿವಾನ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ (1926–1941) ಕಾರ್ಖಾನೆ ಮುಚ್ಚುವ ದಾರಿ ಹಿಡಿಯಲಿಲ್ಲ. ವಿಸ್ತರಣೆಯ ದಾರಿ ಹಿಡಿಯಿತು. 1936ರಲ್ಲಿ ಉಕ್ಕಿನ ಘಟಕ ಆರಂಭವಾಯಿತು. ಆ ದಶಕದ ಕೊನೆಗೆ ಸಿಮೆಂಟು ಬಂದಿತು. ಅದೇ ಊರಿನಲ್ಲಿ ಮೈಸೂರು ಕಾಗದದ ಕಾರ್ಖಾನೆ ತಲೆಯೆತ್ತಿತು. ಮಂಡ್ಯದ ಸಕ್ಕರೆ, ಬೆಳಗೊಳದ ರಸಗೊಬ್ಬರ, ಬೆಂಗಳೂರಿನ ವಿದ್ಯುದ್ದೀಪ ಮೊದಲಾದ ಈ ದಶಕದ ಉದ್ದಿಮೆಗಳಲ್ಲಿ ಸರ್ಕಾರವು ಪೂರ್ತಿ ಒಡೆತನದ ಬದಲು ಖಾಸಗಿಯವರೊಡನೆ ಪಾಲುಗಾರನಾಗುವ ಕ್ರಮವನ್ನು ಅನುಸರಿಸಿತು. ಭದ್ರಾವತಿಯಲ್ಲಿ ಕಲಿತ ಪಾಠ ಈ ಬದಲಾವಣೆಯ ಹಿಂದೆ ಇದ್ದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರೊಡನೆ ಕೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದ್ದೂ ಇದೇ ಕ್ರಮದಲ್ಲಿ. ಆದರೆ ಸಂಸ್ಥಾನದ ನೆರವಿನಿಂದ ಮೋಟಾರು ಕಾರುಗಳ ಕಾರ್ಖಾನೆ ಸ್ಥಾಪಿಸುವ ಪ್ರಯತ್ನ ಬ್ರಿಟಿಷ್ ಆಡಳಿತದ ಸಮ್ಮತಿ ದೊರೆಯದೆ ನಿಂತುಹೋಯಿತು. ಯುದ್ಧಕ್ಕೆ ಬೇಕಾದ ವಿಮಾನಕ್ಕೆ ಒಪ್ಪಿಗೆ ಸಿಕ್ಕಿತು, ಕಾರಿಗೆ ಸಿಗಲಿಲ್ಲ. ಬೊಕ್ಕಸದ ಸ್ವಾತಂತ್ರ್ಯಕ್ಕೂ ಒಂದು ಎಲ್ಲೆಯಿದ್ದಿತು.

ಒಡೆತನದ ಸ್ಥಿತ್ಯಂತರ

ಕಲ್ಲಿದ್ದಲಿನ ಕೊರತೆಗೆ ನಿಜವಾದ ಪರಿಹಾರ ಬಂದದ್ದು ಶರಾವತಿಯಿಂದ. 1948ರಲ್ಲಿ ಜೋಗದ ವಿದ್ಯುದಾಗಾರ ಕಾರ್ಯಾರಂಭ ಮಾಡಿತು. 1952ರಲ್ಲಿ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳಲ್ಲಿ ಬೀಡುಕಬ್ಬಿಣ ತಯಾರಿಸುವ ಕ್ರಮ ಜಾರಿಗೆ ಬಂದಿತು. ನೀರಿನ ಬಲದಿಂದ ಕಬ್ಬಿಣ ಕರಗಿಸುವ ಈ ವಿಧಾನ ನಾರ್ವೆಯಂಥ, ಕಲ್ಲಿದ್ದಲಿಲ್ಲದೆ ಜಲಪಾತಗಳಿದ್ದ ನಾಡಿನಿಂದ ಬಂದದ್ದು ಸ್ವಾಭಾವಿಕವೇ ಆಗಿದೆ. ಈ ಹಂತದಲ್ಲಿ ಅದಿರು, ಕಾಡು, ವಿದ್ಯುತ್ತು, ಕುಲುಮೆ ನಾಲ್ಕೂ ಒಂದೇ ರಾಜ್ಯ ಸರ್ಕಾರದ ಕೈಯಲ್ಲಿದ್ದವು. ಕಾರ್ಖಾನೆಯ ಚರಿತ್ರೆಯಲ್ಲಿ ಇದಕ್ಕಿಂತ ಅನುಕೂಲವಾದ ಕಾಲ ಇನ್ನೊಂದಿಲ್ಲ.

ಆದರೆ ಸ್ವಾತಂತ್ರ್ಯಾನಂತರದ ರಾಷ್ಟ್ರೀಯ ನೀತಿ ಇನ್ನೊಂದು ಅನುಕೂಲವನ್ನು ಕಿತ್ತುಕೊಂಡಿತು. ಪೂರ್ವ ಭಾರತದ ಉಕ್ಕು ದಕ್ಷಿಣಕ್ಕೆ ಬರಲು ತಗಲುತ್ತಿದ್ದ ರೈಲು ಬಾಡಿಗೆಯೇ ಭದ್ರಾವತಿಗಿದ್ದ ಸಹಜವಾದ ಸುಂಕ. 1950ರ ದಶಕದಲ್ಲಿ ಜಾರಿಗೆ ಬಂದ ಸಾಗಾಣಿಕೆ ವೆಚ್ಚ ಸಮೀಕರಣ ನೀತಿಯಿಂದ ದೇಶದ ಎಲ್ಲೆಡೆ ಉಕ್ಕಿಗೆ ಒಂದೇ ಬೆಲೆಯಾಯಿತು. 1990ರ ದಶಕದ ಆರಂಭದವರೆಗೂ ಈ ನೀತಿ ಉಳಿದಿತ್ತು. ಈ ನೀತಿಯಿಂದ ಬಿಹಾರ, ಬಂಗಾಳಗಳಂಥ ಖನಿಜಪ್ರದೇಶಗಳಿಗೆ ಆದ ಹಾನಿಯ ಬಗೆಗೆ ಸಾಕಷ್ಟು ಚರ್ಚೆ ನಡೆದಿದೆ. ದೂರವನ್ನೇ ಆಸರೆಯಾಗಿಸಿಕೊಂಡಿದ್ದ ದಕ್ಷಿಣದ ಸಣ್ಣ ಕಾರ್ಖಾನೆಗೆ ಆ ಆಸರೆ ತಪ್ಪಿದ್ದರ ಕಡೆಗೆ ಅಷ್ಟು ಗಮನ ಹರಿದಿಲ್ಲ. ತನ್ನ ಸರಕಿಗೆ ಏನು ದೊರೆಯಬೇಕೆಂಬುದು ಇನ್ನು ಮುಂದೆ ದೆಹಲಿಯಲ್ಲಿ ನಿಶ್ಚಯವಾಗತೊಡಗಿತು. ಇದೇ ಕಾಲದಲ್ಲಿ ಭಿಲಾಯ್, ರೂರ್ಕೆಲಾ, ದುರ್ಗಾಪುರಗಳಲ್ಲಿ ತಲಾ ಹತ್ತು ಲಕ್ಷ ಟನ್ ಸಾಮರ್ಥ್ಯದ ಸರ್ಕಾರಿ ಉಕ್ಕಿನ ಕಾರ್ಖಾನೆಗಳು ಎದ್ದವು. ಸರ್ಕಾರವೇ ಉಕ್ಕು ತಯಾರಿಸಬಹುದೆಂದು ಅವಕ್ಕಿಂತ ಎರಡು ದಶಕ ಮೊದಲೇ ತೋರಿಸಿದ್ದ ಕಾರ್ಖಾನೆ ಅವುಗಳ ನಡುವೆ ಕುಳ್ಳನಂತೆ ಕಾಣತೊಡಗಿತು.

1962ರಲ್ಲಿ ಉದ್ದಿಮೆಯು ಇಲಾಖೆಯ ರೂಪವನ್ನು ಬಿಟ್ಟು, ರಾಜ್ಯ ಮತ್ತು ಕೇಂದ್ರ ಸರ್ಕಾರಗಳು 60:40ರ ಪ್ರಮಾಣದಲ್ಲಿ ಪಾಲು ಹೊಂದಿದ ಕಂಪನಿಯಾಯಿತು. ಗಾತ್ರದಲ್ಲಿ ಸ್ಪರ್ಧಿಸಲಾಗದೆ ಮಿಶ್ರಲೋಹದ ಮತ್ತು ವಿಶೇಷ ಉಕ್ಕಿನ ಕಡೆಗೆ ಅದು ತಿರುಗಿದ್ದು ವಿವೇಕದ ನಡೆ. 1970ರ ದಶಕದಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ಇಡಲಾಯಿತು. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ, 1998ರಲ್ಲಿ ಅದರೊಳಗೆ ಪೂರ್ಣವಾಗಿ ವಿಲೀನವಾಯಿತು. ಈ ವರ್ಗಾವಣೆಯನ್ನು ಆಗ ಬಹುಮಂದಿ ರಕ್ಷಣೆಯೆಂದೇ ಭಾವಿಸಿದರು. ಬಂಡವಾಳವುಳ್ಳ ದೊಡ್ಡ ಸಂಸ್ಥೆಯ ಆಶ್ರಯ ದೊರೆತಂತಾಯಿತೆಂಬುದು ಅವರ ಎಣಿಕೆ. ಆದರೆ ಕಾರ್ಖಾನೆಯ ಒಡೆಯ ಬೇರೆ, ವಿದ್ಯುತ್ತಿನ ಒಡೆಯ ಬೇರೆ, ಅದಿರಿನ ಭೂಮಿಯ ಒಡೆಯ ಬೇರೆ ಎಂಬ ಸ್ಥಿತಿ ಅಲ್ಲಿಂದ ಆರಂಭವಾಯಿತು. ಹಿಂದೆ ಒಂದೇ ಬೊಕ್ಕಸದೊಳಗಿನ ಹೊಂದಾಣಿಕೆಯಾಗಿದ್ದ ಬೆಲೆಗಳೆಲ್ಲ ಇನ್ನೊಬ್ಬರಿಗೆ ತೆರಬೇಕಾದ ನಿಜವಾದ ವೆಚ್ಚಗಳಾದವು. ಸ್ವಂತ ಗಣಿ ಇಲ್ಲದಿರುವುದೇ ಮುಖ್ಯ ಅಡಚಣೆಯೆಂಬ ಮಾತು ಇಪ್ಪತ್ತೊಂದನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿತು. ಗಣಿಯ ಸಲುವಾಗಿಯೇ ಹುಟ್ಟಿದ ಕಾರ್ಖಾನೆಗೆ ಗಣಿಯೇ ಇಲ್ಲವಾದದ್ದು ಒಡೆತನ ಹೋಳಾದುದರ ನೇರ ಪರಿಣಾಮ. ಇದನ್ನು ಸರ್ಕಾರಿ ಉದ್ದಿಮೆಯ ಸಹಜ ಅದಕ್ಷತೆಯ ನಿದರ್ಶನವಾಗಿ ಓದುವುದು ಆತುರದ ಓದು.

ಗಂಧದ ಉದ್ದಿಮೆಯ ಮುಂದಿನ ಚರಿತ್ರೆ ಈ ಮಾತಿಗೆ ಇನ್ನೊಂದು ಬದಿಯಿಂದ ಪುಷ್ಟಿ ನೀಡುತ್ತದೆ. 1980ರಲ್ಲಿ ಕಂಪನಿಯಾದ ಈ ಉದ್ದಿಮೆ ರಾಜ್ಯದ ಒಡೆತನದಲ್ಲಿಯೇ ಉಳಿಯಿತು. ಅದರ ಏಕಸ್ವಾಮ್ಯದ ಆಧಾರವಾದ ಮರ ಮಾತ್ರ ಕಳ್ಳಸಾಗಣೆಗೆ ಮತ್ತು ಕೊಡಲಿಗೆ ಸಿಕ್ಕಿ ಕ್ಷೀಣಿಸಿತು. ಬೆಳೆದವನಿಗೆ ಮರದ ಮೇಲೆ ಹಕ್ಕಿಲ್ಲದ ಕಾರಣ ಬೆಳೆಯುವವರೂ ಇರಲಿಲ್ಲ. 2001ರ ಕಾನೂನು ತಿದ್ದುಪಡಿಯಿಂದ ಭೂಮಾಲೀಕನಿಗೆ ತನ್ನ ಜಮೀನಿನ ಗಂಧದ ಮರದ ಒಡೆತನ ದೊರೆಯಿತು. ಹೀಗೆ ಏಕಸ್ವಾಮ್ಯ ಸಡಿಲಗೊಂಡ ಮೇಲೂ ಉದ್ದಿಮೆ ನಿಂತಿತು. ಮೈಸೂರು ಸ್ಯಾಂಡಲ್ ಎಂಬ ಹೆಸರು ಜನಮನದಲ್ಲಿ ಗಳಿಸಿದ್ದ ನಂಬಿಕೆ ಆ ಹೊತ್ತಿಗೆ ಮರದಷ್ಟೇ ಬೆಲೆಯುಳ್ಳ ಆಸ್ತಿಯಾಗಿತ್ತು. 2023–24ರಲ್ಲಿ ಕಂಪನಿಯ ವಹಿವಾಟು 1,500 ಕೋಟಿ ರೂಪಾಯಿಗಳನ್ನು ದಾಟಿತು.

ಭದ್ರಾವತಿಯ ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರುವ ನಿರ್ಧಾರಕ್ಕೆ 2016ರಲ್ಲಿ ಕೇಂದ್ರ ಸರ್ಕಾರ ತಾತ್ವಿಕ ಒಪ್ಪಿಗೆ ನೀಡಿತ್ತು. ಕೊಳ್ಳಲು ಸಾಕಷ್ಟು ಆಸಕ್ತಿ ವ್ಯಕ್ತವಾಗದೆ 2022ರ ಅಕ್ಟೋಬರಿನಲ್ಲಿ ಆ ಪ್ರಕ್ರಿಯೆಯನ್ನು ಕೈಬಿಡಲಾಯಿತು. 2023ರ ಜನವರಿಯಲ್ಲಿ ಊದುಕುಲುಮೆಯ ಮೊದಲ ಬೆಂಕಿಗೆ ನೂರು ವರ್ಷ ತುಂಬಿತು. ಅದೇ ತಿಂಗಳು ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಿತು. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಆ ವರ್ಷದ ಆಗಸ್ಟಿನಲ್ಲಿ ಉಕ್ಕಿನ ಸರಳುಗಳ ಘಟಕವೊಂದು ಮತ್ತೆ ಚಾಲನೆಗೊಂಡಿತು. ಕುಲುಮೆ ತಣ್ಣಗೇ ಇತ್ತು. ಸರಳಾಗಿ ಉರುಳಿಸಿದ ಉಕ್ಕು ಪ್ರಾಧಿಕಾರದ ಬೇರೆ ಕಾರ್ಖಾನೆಯಿಂದ ರೈಲಿನಲ್ಲಿ ಬಂದದ್ದು.